ಮುಂಗಾಲ ಬೇಡಿ

“ಇಂಪೀಡ್!” ಎಂದು ಸಾಹೇಬ ಮತ್ತೊಮ್ಮೆ ಕೂಗಿದ. ಕೂಗಿದ ರಭಸಕ್ಕೆ ಬಾಯಲ್ಲಿದ್ದ ಚುಟ್ಟಾ ಮರಳಿನ ಮೇಲೆ ಬಿತ್ತು. ಕೋಗಿಲಬನದ ಕೆಳಗೆ, ಕಾಳಿ ಹೊಳೆಯ ದಂಡೆಯಲ್ಲಿ ನಾಟಾ ದಿಮ್ಮಿ ಒಟ್ಟುತ್ತಿದ್ದ ಆಳುಗಳೆಲ್ಲ ಕೈಕೆಲಸ ಬಿಟ್ಟು ನಿಂತರು. ಇಂಗ್ಲಿಷಿನಲ್ಲಿ ಬೈಸಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ, ಅರ್ಥವಾಗುವುದಿಲ್ಲ. ಆದರೆ ತಿರುಗಿ ಏನು ಹೇಳಬೇಕೆಂಬುದೂ ತಿಳಿಯುವುದಿಲ್ಲ. ಮಾವುತ ಮಾನ್ವೆಲ್ ತೊಯ್ದ ಚಡ್ಡಿಯಿಂದ ನೀರು ಸುರಿಸುತ್ತ, ಹೆಗಲ ಮೇಲೆ ಆನೆಯ ಬೇಡಿ ಹೊತ್ತುಕೊಂಡು, ಸಾಹೇಬನ ಬೂಟನ್ನೇ ನೋಡುತ್ತ ನಿಂತಿದ್ದ.

ರಗಳೆಯೆಲ್ಲ ಆ ಬೇಡಿಯದು. ಎರಡು ಕಬ್ಬಿಣದ ಬಳೆ, ನಡುವೆ ಗಿಡ್ಡನೆಯ ಸರಪಳಿ. ಹಗಲೆಲ್ಲ ದಿಮ್ಮಿ ಎಳೆದ ಆನೆಯನ್ನು ಸಂಜೆ ಮೇಯಲು ಬಿಡುವಾಗ ಅದರ ಮುಂಗಾಲೆರಡಕ್ಕೂ ಇದನ್ನು ತೊಡಿಸಿ ಕೀಲು ಜಡಿಯಬೇಕು. ಆಗ ಆನೆ ಅಲ್ಲಲ್ಲೇ ಹೆಜ್ಜೆ ಎಳೆಯುತ್ತ ಮೇಯುತ್ತದೆಯೇ ಹೊರತು ಕಾಡು ಸೇರುವುದಿಲ್ಲ, ಬೆಳಗಾದರೆ ಹುಡುಕುವ ಪೀಡೆಯಿಲ್ಲ. ಮಾನ್ವೆಲ್ ದಿನಾ ಸಂಜೆ ತನ್ನ ಆನೆ ಲಾಡ್ಲಿಯ ಕುತ್ತಿಗೆಯ ಮೇಲೆ ಕೂತು ಹೊಳೆ ನಡುವಿನ ಗಡ್ಡೆಗೆ ಹೋಗುತ್ತಿದ್ದ. ಅಲ್ಲಿ ಹುಲ್ಲು ಚೆನ್ನಾಗಿತ್ತು. ಬೇಡಿ ತೊಡಿಸಿ, ತೊಡೆಮಟ್ಟದ ನೀರಿನಲ್ಲಿ ನಡೆದು ವಾಪಸು ಬರುತ್ತಿದ್ದ. ಇವತ್ತು ಆನೆಯನ್ನು ಗಡ್ಡೆಯಲ್ಲಿ ಬಿಟ್ಟು, ಬೇಡಿಯನ್ನು ಹೆಗಲ ಮೇಲೆ ಹೊತ್ತು ಬಂದಿದ್ದ.

“ಯಾಕ ಹಾಕಿಲ್ಲಂತ ಕೇಳಾಕ ಹತ್ಯಾರ ಸಾಹೇಬರು,” ಎಂದ ಶೇಖಪ್ಪ. ಅವನು ನಾಟಾ ಕಂಪನಿಯ ಕಾರಕೂನ, ಧಾರವಾಡದಲ್ಲಿ ಮ್ಯಾಟ್ರಿಕ್ ಮಾಡಿದವನು, ಸಾಹೇಬನಿಗೂ ಆಳುಗಳಿಗೂ ನಡುವಿನ ಸೇತುವೆ. ಸೇತುವೆಯನ್ನು ಎರಡೂ ಕಡೆಯವರು ತುಳಿಯುತ್ತಿದ್ದರು.

“ಇವತ್ತ ನಮ್ಮ ಹಿರಿಯಾರ ಪೂಜಿ ಐತ್ರಿ,” ಎಂದ ಮಾನ್ವೆಲ್. “ಹಿರಿಯಾರ ದಿನ ನಮ್ಮ ಮನ್ಯಾಗ ಯಾವ ಕಾಲಿಗೂ ಕಟ್ಟು ಹಾಕಂಗಿಲ್ರಿ. ಆಕಳಿಗಿಲ್ಲ, ಕೋಳಿಗಿಲ್ಲ. ನಾಳಿಂದ ಹಾಕ್ತೇನಂತ ಹೇಳ್ರಿ. ಅಕಿ ಎಲ್ಲೂ ಹೋಗಂಗಿಲ್ಲ.”

ಮಾನ್ವೆಲ್ ಸಿದ್ದಿ. ಗೋವೆಯ ಯಾವನೋ ಧಣಿಯ ಮನೆಯಿಂದ ಕಾಲ ಸರಪಳಿ ಮುರಿದುಕೊಂಡು ಘಟ್ಟ ಹತ್ತಿ ಓಡಿಬಂದವರ ಪೀಳಿಗೆ ತಮ್ಮದು ಎಂದು ಅವನ ಅಜ್ಜ ಹೇಳುತ್ತಿದ್ದ. ಭಾನುವಾರ ಇಗರ್ಜಿ, ವರ್ಷಕ್ಕೊಮ್ಮೆ ಹಿರಿಯರ ಪೂಜೆ, ಎರಡಕ್ಕೂ ಅವರಲ್ಲಿ ಜಗಳವಿರಲಿಲ್ಲ. ಆ ಒಂದು ದಿನ ಮಾತ್ರ ಅವನ ಮನೆಯಲ್ಲಿ ಕಟ್ಟಿದ ಕೋಳಿಯ ಕಾಲನ್ನೂ ಬಿಚ್ಚಿಬಿಡುತ್ತಿದ್ದರು.

ಶೇಖಪ್ಪ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಲು ಒದ್ದಾಡಿದ. ಸಾಹೇಬ ಕೇಳಿದಂತೆ ಮಾಡಿದ. ಪಾಪ, ಅವನ ತಲೆ ಅವನಿಗಾಗಿತ್ತು. ವಿಲಾಯಿತಿಯಲ್ಲಿ ಲಢಾಯಿ ಹತ್ತಿಕೊಂಡು ವರ್ಷವಾಗಿತ್ತು, ದೀಪಾವಳಿಯೊಳಗೆ ಇಷ್ಟೂ ನಾಟಾ ದಾಂಡೇಲಿ ಸ್ಟೇಶನ್ ಮುಟ್ಟದಿದ್ದರೆ ಮೇಲಿನವರು ಅವನನ್ನು ಹುರಿದು ಮುಕ್ಕುತ್ತಿದ್ದರು. ಕಂಪನಿಗಿದ್ದದ್ದು ಇದೊಂದೇ ಆನೆ. ಅದು ಬೆಳಿಗ್ಗೆ ಕಾಣದಿದ್ದರೆ ದಿನವೇ ಹಾಳು. ಸಾಹೇಬ ಮಾನ್ವೆಲ್‌ನ ಹೆಗಲಿಂದ ಬೇಡಿಯನ್ನು ಕಿತ್ತು, ಪಕ್ಕದಲ್ಲಿ ನಿಂತಿದ್ದ ರೂಪ್ಲಪ್ಪನ ಎದುರು ಎಸೆದ.

ರೂಪ್ಲಪ್ಪ ಮುಂಡಗೋಡ ಕಡೆಯ ತಾಂಡಾದವನು, ದಿಮ್ಮಿಗೆ ಸರಪಳಿ ಬಿಗಿಯುವ ಕೆಲಸ ಅವನದು. ಲಾಡ್ಲಿಗೆ ಬೆಲ್ಲ ತಿನ್ನಿಸಿ ಅಷ್ಟಿಷ್ಟು ಸಲಿಗೆ ಬೆಳೆಸಿಕೊಂಡಿದ್ದ. ಅವನು ಬೇಡಿ ಎತ್ತಿಕೊಂಡು ಹೊಳೆಯ ಕಡೆ ನಡೆದ. ಮಾನ್ವೆಲ್ ಹೋಗಿ ಅವನ ಎದುರು ನಿಂತ.

“ಸರದ ನಿಂದರು, ಮಾನ್ವೆಲಣ್ಣಾ,” ಎಂದ ರೂಪ್ಲಪ್ಪ ಸಣ್ಣ ದನಿಯಲ್ಲಿ. “ನನಗೂ ಹೆಂಡ್ರು ಮಕ್ಳದಾವ. ನಾ ಏನ್ ಮಾಡ್ಲಿ?”

ಮಾನ್ವೆಲ್ ಸರಿದು ನಿಂತ. ರೂಪ್ಲಪ್ಪನ ಮೇಲೆ ಕೈ ಮಾಡುವುದು ಹೇಗೆ? ರೂಪ್ಲಪ್ಪ ಗಡ್ಡೆಗೆ ದಾಟಿ ಬೇಡಿ ತೊಡಿಸಿ ಬಂದ. ಸಾಹೇಬ ಬಿದ್ದ ಚುಟ್ಟಾವನ್ನು ಬೂಟಿನಿಂದ ಹೊಸಕಿ, “ಕಲ್ ಸೆ ಮತ್ ಆವ್,” ಎಂದ. ಅದನ್ನು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಶೇಖಪ್ಪ ಮಾನ್ವೆಲ್‌ನ ಗುಡಿಸಲಿಗೆ ಬಂದ. ಆಪತ್ತಿನಲ್ಲಿರುವವರ ಮನೆಗೆ ಜನ ಒಂದು ಸೇರು ಅಕ್ಕಿಯನ್ನೋ ನಾಲ್ಕು ಬಾಳೆಹಣ್ಣನ್ನೋ ಹಿಡಿದು ಹೋಗುತ್ತಾರೆ. ಶೇಖಪ್ಪ ಡಿಕ್ಷನರಿ ತಂದಿದ್ದ. ಒಳಗೆ ಸಾರಿಸಿದ ಮೂಲೆಯಲ್ಲಿ ಹಿರಿಯರ ಹೆಸರಿಗೊಂದರಂತೆ ತೆಂಗಿನಕಾಯಿಗಳನ್ನು ಸಾಲಾಗಿ ಇಟ್ಟಿದ್ದರು. ಮಾನ್ವೆಲ್‌ನ ಹೆಂಡತಿ ಕಾತರಿನಾ ಒಲೆಯ ಮುಂದೆ ಕೂತು ಕೋಳಿಸಾರು ತಿರುವುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು ಆಗಲೇ ನಿದ್ದೆಗೆ ಜಾರಿದ್ದರು.

“ಬರ್ರಿ ಕಾರಕೂನರ,” ಎಂದ ಮಾನ್ವೆಲ್. “ನೌಕರಿ ಹೋದ ಮನಿ ನೋಡಾಕ ಬಂದ್ರೇನು?”

“ಹಂಗ್ಯಾಕ ಅಂತೀ? ಸಾಹೇಬರು ಅಂದ್ರಲ್ಲ, ಆ ಶಬ್ದ ಹುಡುಕಿದೆ.” ಶೇಖಪ್ಪ ಕಂದೀಲಿನ ಹತ್ತಿರ ಪುಸ್ತಕ ಬಿಚ್ಚಿದ. ಇಂಗ್ಲಿಷ್ ಶಬ್ದ ಸಿಕ್ಕರೆ ಅದರ ಹುಟ್ಟು, ಕುಲ, ಗೋತ್ರವನ್ನೆಲ್ಲ ಕೆದಕಿ ತೆಗೆಯುವ ಚಟ ಅವನದು. “ಇಂಪೀಡ್ ಅಂದ್ರ ಅಡ್ಡಿ ಮಾಡೋದು. ನೀ ಕೆಲಸಕ್ಕ ಅಡ್ಡಿ ಮಾಡಿದಿ ಅಂತ ಅವರ ಮಾತು.”

“ಅದು ಅವರ ಮಾರಿ ನೋಡಿದ್ರ ಗೊತ್ತಾಗತಿತ್ರಿ. ಅದಕ್ಕ ಇಷ್ಟು ದಪ್ಪ ಬುಕ್ಕ ಬೇಕಿತ್ತೇನು?”

“ತಡಿಯೋ ಮಾರಾಯಾ, ಪೂರಾ ಕೇಳು. ಈ ಶಬ್ದ ಮೂಲದಾಗ ಇಂಗ್ರೇಜರದ್ದಲ್ಲ. ನಿಮ್ಮ ಪಾದ್ರಿಗಳು ಇಗರ್ಜಿಯೊಳಗ ಓದ್ತಾರಲ್ಲ, ಲ್ಯಾಟಿನ್, ಆ ಭಾಷಾದ್ದು. ಅದರಾಗ ‘ಪೆಸ್’ ಅಂದ್ರ ಪಾದ. ‘ಇಂಪೆದೀರೆ’ ಅಂದ್ರ ಪಾದಕ್ಕ ತೊಡಕು ಹಾಕೋದು, ಕಾಲಿಗೆ ಬೇಡಿ ಹಾಕೋದು. ಮೊದಲ ಅಷ್ಟ ಇತ್ತು ಅರ್ಥ. ಕಾಲ ಕಟ್ಟಿದ್ರ ನಡಿಲಿಕ್ಕೆ ಬರೂದಿಲ್ಲಲ್ಲ, ಆಮ್ಯಾಲ ಯಾವ ಕೆಲಸ ತಡದ್ರೂ ಅದನ್ನ ಅನ್ಲಿಕ್ಕೆ ಹತ್ತಿದ್ರು.”

ಮಾನ್ವೆಲ್ ತೆಂಗಿನಕಾಯಿಗಳ ಕಡೆ ನೋಡಿದ.

“ಅಂದ್ರ ನನಗ ಕಾಲ ಕಟ್ಟಾಂವ ಅಂತ ಬೈದ್ರೇನ್ರಿ?”

“ಹೂಂ. ಮೂಲಾ ಹಿಡದ್ರ ಹಂಗ ಆಗತೈತಿ.”

“ಕಟ್ಟಂಗಿಲ್ಲ ಅಂದಿದ್ದಕ್ಕ?”

ಕಾತರಿನಾ ಮೊದಲು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಬಂದು, ಸೌಟನ್ನು ಗಡಿಗೆಗೆ ಕುಕ್ಕಿದಳು. “ಭಾಳ ಚಲೋ ಬುಕ್ಕ ಐತ್ರಿ ನಿಮ್ದು. ನಾಳಿ ಗಂಜಿಗೆ ಅಕ್ಕಿ ಎಲ್ಲಿಂದ ತರೂದು ಅಂತ ಅದರಾಗ ಬರದೈತೇನ್ರಿ ಕಾರಕೂನರ? ನೋಡ್ರಿ ಸ್ವಲ್ಪ.” ಆಮೇಲೆ ಗಂಡನ ಕಡೆ ತಿರುಗಿದಳು. “ಮುಂಜಾನೆದ್ದು ಹೋಗಿ ಸಾಹೇಬನ ಕಾಲಿಗೆ ಬೀಳು. ನಮ್ಮ ಹಿರಿಯಾರು ತಿಳ್ಕೋತಾರ. ಅವರಿಗೆ ಹೊಟ್ಟಿ ಹಸಿವು ಗೊತ್ತೈತಿ.”

“ಬೀಳ್ತೇನಿ ಬಿಡ,” ಎಂದ ಮಾನ್ವೆಲ್.

ಆ ಹೊತ್ತಿಗೆ ಜೋಯಿಡಾದ ದಿಕ್ಕಿನಲ್ಲಿ ಆಕಾಶ ಮಿಂಚಿತು. ಗುಡುಗು ಬಹಳ ತಡವಾಗಿ, ಗೊಣಗಿದ ಹಾಗೆ ಕೇಳಿಸಿತು. ಶೇಖಪ್ಪ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡ. “ಕುರುಡು ಚಿತ್ತಿ ಮಳಿ. ಎಲ್ಲಿ ಬೀಳ್ಬೇಕಂತ ಅದಕ್ಕ ಗೊತ್ತಿಲ್ಲ.”

“ಮ್ಯಾಲ ಬಿದ್ರ ಹೊಳಿ ಏರತೈತಿ,” ಎಂದ ಮಾನ್ವೆಲ್.

“ಏರಿದ್ರೇನಾತು? ಆನಿ ಈಸತೈತಿ,” ಎಂದಳು ಕಾತರಿನಾ. ಮುಂಗಾಲು ಎರಡೂ ಕಟ್ಟಿದ್ದು ಮೂವರಿಗೂ ಒಟ್ಟಿಗೇ ನೆನಪಾಯಿತು.

ಮಾನ್ವೆಲ್ ಎದ್ದು ನಿಂತ. ಕಾತರಿನಾ ಬಾಗಿಲಿಗೆ ಬಂದಳು. “ಎಲ್ಲಿಗೆ? ಈಗ ಹೋಗಿ ಬೇಡಿ ಬಿಚ್ಚಿದ್ರ ಸಾಹೇಬ ಸುಮ್ನಿರ್ತಾನೇನು? ಆನಿ ಕದಿಯಾಕ ಬಂದಿದ್ದ ಅಂತ ಹಳಿಯಾಳ ಫೌಜದಾರಗ ಹಿಡಿದು ಕೊಡ್ತಾನ. ಹೌದಲ್ಲೇನ್ರಿ ಕಾರಕೂನರ?” ಅದು ಸುಳ್ಳಲ್ಲ ಎಂಬುದು ಶೇಖಪ್ಪನಿಗೂ ಗೊತ್ತಿತ್ತು. ಅಂಗಳದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ, ನಕ್ಷತ್ರ ಕಾಣುತ್ತಿದ್ದವು. ಮಾನ್ವೆಲ್ ಮತ್ತೆ ಕೂತ. ಸಾರನ್ನು ಬಡಿಸಿಕೊಂಡ, ಉಣ್ಣಲಿಲ್ಲ.

ಬೆಳಗಿನ ಜಾವ ಅವನನ್ನು ಎಬ್ಬಿಸಿದ್ದು ಆನೆಯ ಕೂಗು. ಅವನು ಎದ್ದವನೇ ಓಡಿದ, ಹಿಂದೆ ಕಾತರಿನಾ.

ಹೊಳೆ ನಿನ್ನೆಯ ಹೊಳೆಯಾಗಿರಲಿಲ್ಲ. ಕೆಂಪು ನೀರು ದಂಡೆಯ ಮರಳನ್ನೆಲ್ಲ ನುಂಗಿ, ಒಟ್ಟಿದ ನಾಟಾದ ಬುಡಕ್ಕೆ ಬಂದಿತ್ತು. ಬೇರು ಸಮೇತ ಮರ, ಬಿದಿರಿನ ಹಿಂಡು, ಯಾರದೋ ಮನೆಯ ಚಪ್ಪರ ತೇಲಿ ಹೋಗುತ್ತಿದ್ದವು. ಇಲ್ಲಿ ಒಂದು ಹನಿ ಮಳೆಯಿಲ್ಲ, ಮೇಲೆ ಡಿಗ್ಗಿ ಕಡೆ ಎಲ್ಲವೂ ಸುರಿದಿತ್ತು. ನಡುಗಡ್ಡೆ ಮುಳುಗಿತ್ತು. ಅದರ ಎತ್ತರದ ತುದಿಯಲ್ಲಿ ಲಾಡ್ಲಿ ಹೊಟ್ಟೆಮಟ್ಟ ನೀರಿನಲ್ಲಿ ನಿಂತು ಸೊಂಡಿಲೆತ್ತಿ ಕೂಗುತ್ತಿತ್ತು. ಒಂದು ಹೆಜ್ಜೆ ಮುಂದಿಡಲು ಹೋಗಿ ಮುಗ್ಗರಿಸಿ, ಮತ್ತೆ ಅಲ್ಲೇ ನಿಲ್ಲುತ್ತಿತ್ತು.

ದಂಡೆಯಲ್ಲಿ ಎಲ್ಲರೂ ಸೇರಿದ್ದರು. ರೂಪ್ಲಪ್ಪ ತಲೆ ತಲೆ ಬಡಿದುಕೊಂಡು ಅಳುತ್ತಿದ್ದ. “ನಾ ಹಾಕಿದ್ದು, ನಾನ ಬಿಚ್ಚತೇನಿ, ಬಿಡ್ರೋ!” ಎಂದು ನೀರಿಗೆ ನುಗ್ಗುತ್ತಿದ್ದವನನ್ನು ಇಬ್ಬರು ಹಿಡಿದಿದ್ದರು. ಅವನಿಗೆ ಈಜು ಬರುತ್ತಿರಲಿಲ್ಲ. ಸಾಹೇಬ ಟೋಪಿಯಿಲ್ಲದೆ ಬರಿತಲೆಯಲ್ಲಿ ಅತ್ತ ಇತ್ತ ಓಡಾಡುತ್ತಿದ್ದ. ಮಾನ್ವೆಲ್‌ನನ್ನು ಕಂಡವನೇ ಅವನ ತೋಳು ಹಿಡಿದುಕೊಂಡ. “ಹಾಥಿ ಲಾವ್. ನೌಕರಿ ಪಕ್ಕಾ. ಪಕ್ಕಾ! ಸಮಝಾ?” ನಿನ್ನೆಯ ಸಿಟ್ಟು ಎಲ್ಲಿಗೆ ಹೋಗಿತ್ತೋ, ಮುಖ ಬಿಳುಚಿ ಸುಣ್ಣದ ಗೋಡೆಯಾಗಿತ್ತು.

ಮಾನ್ವೆಲ್ ತೋಳು ಬಿಡಿಸಿಕೊಂಡ. ನಾಟಾ ಬಿಗಿಯುವ ಹಗ್ಗ ತೆಗೆದು ಒಣಬಿದಿರಿನ ಒಂದು ಕಟ್ಟು ಕಟ್ಟತೊಡಗಿದ. ಅದನ್ನು ಅಪ್ಪಿಕೊಂಡು ಮೇಲಿನ ತಿರುವಿನಿಂದ ಬಿದ್ದರೆ ನೀರೇ ಗಡ್ಡೆಯ ಕಡೆ ನೂಕುತ್ತದೆ. ನೂಕದಿದ್ದರೆ, ಇಲ್ಲ. ಕಾತರಿನಾ ಬಂದು ಬಿದಿರಿನ ಕಟ್ಟಿನ ಮೇಲೆ ಕೂತುಬಿಟ್ಟಳು.

“ಏಳು.”

“ಏಳಂಗಿಲ್ಲ. ಆನಿ ಸತ್ರ ಕಂಪನಿಯಾವ್ರು ಇನ್ನೊಂದು ತರ್ತಾರ. ನೀ ಸತ್ರ ನನಗ ಯಾರು ತಂದು ಕೊಡ್ತಾರ? ನೌಕರಿ ಬ್ಯಾಡ, ಏನೂ ಬ್ಯಾಡ. ಬೇಡ್ಕೊಂಡು ತಿನ್ನೂಣು.”

“ಅಕಿ ನನ್ನ ಹೆಸರ ಹಿಡದು ಒದರಾಕ ಹತ್ಯಾಳ, ಕೇಳವಲ್ದೇನ ನಿನಗ? ನಿನ್ನಿ ನಾನ ಅಕಿನ್ನ ಅಲ್ಲೆ ಬಿಟ್ಟು ಬಂದೆ. ಈ ದಂಡಿಗೆ ಬಿಟ್ಟಿದ್ರ ಇವತ್ತ ಇಲ್ಲೆ ಇರ್ತಿದ್ಲು. ಅಕಿ ಹಂಗ ಹೋದ್ರ, ನಾ ಇದ್ದೂ ನಿನಗ ಉಪಯೋಗಿಲ್ಲ ಕಾತರಿನಾ.”

ಲಾಡ್ಲಿ ಮತ್ತೊಮ್ಮೆ ಕೂಗಿತು. ಈ ಸಲದ ಕೂಗು ಅರ್ಧಕ್ಕೇ ನೀರು ಕುಡಿದಂತೆ ಗೊಳಗೊಳವಾಯಿತು. ಕಾತರಿನಾ ಎದ್ದಳು. ಬಗ್ಗಿ ಕಟ್ಟಿನ ಗಂಟನ್ನು ತಾನೂ ಒಮ್ಮೆ ಎಳೆದು ಬಿಗಿ ಮಾಡಿದಳು. “ಹೋಗು. ಸತ್ತ್ಯಂದ್ರ ನಾ ಅಳಂಗಿಲ್ಲ ನೋಡು,” ಎಂದಳು. ಅಳುತ್ತಲೇ ಇದ್ದಳು.

ನೀರು ಅವನನ್ನು ನೂಕಿದ ರೀತಿ ದಂಡೆಯವರಿಗೆ ಕಾಣಿಸಿತು, ಅವನಿಗೆ ಕಾಣಿಸಲಿಲ್ಲ. ಬಾಯಿ ಮೂಗು ಎಲ್ಲ ಮಣ್ಣುನೀರು. ಒಂದು ಮರದ ಬೇರು ಬೆನ್ನನ್ನು ಕೆರೆದುಕೊಂಡು ಹೋಯಿತು. ಗಡ್ಡೆ ತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಸೊಂಡಿಲು ಬಂದು ಅವನ ಕುತ್ತಿಗೆಗೆ ಸುತ್ತಿಕೊಂಡಿತು. ಬಿದಿರಿನ ಕಟ್ಟು ತನ್ನ ಪಾಡಿಗೆ ತೇಲಿ ಹೋಯಿತು. ಲಾಡ್ಲಿ ಅವನನ್ನು ಎಳೆದು ಎದೆಗೆ ಆನಿಸಿಕೊಂಡಿತು, ಎಷ್ಟು ಬಿಗಿಯಾಗಿ ಅಂದರೆ ಅವನ ಪಕ್ಕೆಲುಬು ಕಟಕಟ ಎಂದವು.

“ಬಿಡ, ನನ್ನವ್ವಾ, ಬಿಡ. ಸಾಯಸ್ತೀ. ಬಂದೇನಲ್ಲ! ಧತ್! ನಿಂದರು, ಅಳಗ್ಯಾಡಬ್ಯಾಡ.”

ಆನೆ ನಡುಗುತ್ತಿತ್ತು. ಅಷ್ಟು ದೊಡ್ಡ ಜೀವ ನಡುಗುವುದನ್ನು ಮೈಗೆ ಮೈ ತಾಗಿ ತಿಳಿಯುವುದಿದೆಯಲ್ಲ, ಅದರಿಂದ ಮಾನ್ವೆಲ್‌ಗೂ ಹೆದರಿಕೆ ಹತ್ತಿತು. ಒಂದು ಕಾಲು ಅವನ ಮೇಲೆ ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಉಸಿರು ಹಿಡಿದು ಮುಳುಗಿದ. ಕೈಗೆ ಬಳೆ ಸಿಕ್ಕಿತು, ಕೀಲು ಸಿಕ್ಕಲಿಲ್ಲ. ಮೇಲೆ ಬಂದು ಉಸಿರು ತಗೊಂಡು ಮತ್ತೆ ಮುಳುಗಿದ. ಕೀಲು ಸಿಕ್ಕಿತು, ಮರಳು ಕಚ್ಚಿಕೊಂಡು ಅದು ಅಲುಗಲಿಲ್ಲ. ರೂಪ್ಲಪ್ಪ ಕೆಲಸದಲ್ಲಿ ಪ್ರಾಮಾಣಿಕ, ಹಾಳಾದವನು, ಬಿಗಿಯಾಗಿಯೇ ಜಡಿದಿದ್ದ. ಮಾನ್ವೆಲ್ ಸೊಂಟದ ಕತ್ತಿಯ ಹಿಡಿಯಿಂದ ನೀರೊಳಗೇ ಕೆಳಗಿನಿಂದ ಗುದ್ದಿದ, ನೀರು ಕೈಯ ಜೋರನ್ನೆಲ್ಲ ಕುಡಿದುಬಿಡುತ್ತಿತ್ತು. ಬೆರಳು ಜಜ್ಜಿತು. ಮತ್ತೆ ಗುದ್ದಿದ. ಕೀಲು ಹಾರಿ ಬಳೆ ಬಾಯಿ ಬಿಟ್ಟಿತು.

ಅಷ್ಟೇ ಸಾಕಾಗಿತ್ತು. ಒಂದು ಕಾಲಿಗೆ ಬೇಡಿ ಜೋತಾಡಿದರೂ ಆನೆ ಈಜಬಹುದು. ದಡ ಸೇರಿದ ಮೇಲೆ ಆ ಸರಪಳಿಯನ್ನೇ ಹಿಡಿದು ಮರಕ್ಕೆ ಬಿಗಿಯಲೂಬಹುದಿತ್ತು. ಮಾನ್ವೆಲ್‌ಗೆ ಅದು ಗೊತ್ತಿತ್ತು. ಆದರೂ ಅವನು ಮತ್ತೆ ಮುಳುಗಿ ಎರಡನೆಯ ಬಳೆಯನ್ನೂ ಗುದ್ದಿ ಬಿಚ್ಚಿದ. ಬೇಡಿ ಅವನ ಪಾದದ ಮೇಲಿಂದ ಜಾರಿ ಕೆಸರಿಗಿಳಿಯಿತು. ಅವನು ಅದಕ್ಕೆ ಕೈ ಹಾಕಲಿಲ್ಲ.

ಕಿವಿ ಹಿಡಿದು ಕುತ್ತಿಗೆಗೆ ಹತ್ತುವುದಕ್ಕೂ ಲಾಡ್ಲಿ ನೀರಿಗೆ ನುಗ್ಗುವುದಕ್ಕೂ ಸರಿಹೋಯಿತು. ದಂಡೆಯಲ್ಲಿ ಜನ ಬೊಬ್ಬೆ ಹೊಡೆದರು. ಆನೆ ಪೂರ್ತಿ ಮುಳುಗಿ ಸೊಂಡಿಲಿನ ತುದಿ ಮಾತ್ರ ಕಾಣಿಸಿತು, ಅದರ ಹಿಂದೆ ಮಾನ್ವೆಲ್‌ನ ತಲೆ. ಕಾತರಿನಾ ದಂಡೆಗುಂಟ ಕೆಳಕ್ಕೆ ಓಡಿದಳು, ಅವಳ ಹಿಂದೆ ಶೇಖಪ್ಪ, ಸಾಹೇಬ, ಎಲ್ಲರೂ ಓಡಿದರು. ಪ್ರವಾಹ ಅವರಿಬ್ಬರನ್ನೂ ಈಚೆಗೆ ಬಿಡಲಿಲ್ಲ. ಓರೆಯಾಗಿ ಎಳೆದುಕೊಂಡು ಹೋಗಿ ಆಚೆಯ ದಡದ ಕಲ್ಲುಬಂಡೆಗಳ ಹತ್ತಿರ ಒಗೆಯಿತು. ಲಾಡ್ಲಿಯ ಮುಂಗಾಲು ಒಂದಾದಮೇಲೊಂದು ನೆಲ ಹಿಡಿದವು. ಬೆನ್ನಿಂದ ಕೆಂಪು ನೀರು ಇಳಿಸುತ್ತ ಅದು ದಡ ಹತ್ತಿತು.

ಮಾನ್ವೆಲ್ ಜಾರಿ ಇಳಿದು, ಮೊಣಕಾಲೂರಿ, ಕುಡಿದ ನೀರನ್ನೆಲ್ಲ ಕಾರಿದ. ತಲೆ ಎತ್ತಿದಾಗ ಎದುರು ದಡದ ಜನ ಬೆರಳುದ್ದ ಕಾಣುತ್ತಿದ್ದರು. ಕಾತರಿನಾ ಸೆರಗು ಬಿಚ್ಚಿ ಬೀಸುತ್ತಿದ್ದಳು. ಸಾಹೇಬ ಎರಡೂ ಕೈ ಬಾಯಿಗೆ ಹಿಡಿದು ಏನೋ ಕೂಗುತ್ತಿದ್ದ, ಹೊಳೆಯ ಅಬ್ಬರದಲ್ಲಿ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಹಿಡಿದುಕೋ, ನೀರಿಳಿದ ಮೇಲೆ ತಾ, ಎಂದು ಅವನ ಕೈಸನ್ನೆಯೇ ಹೇಳುತ್ತಿತ್ತು.

ಮಾನ್ವೆಲ್‌ನ ಬೆನ್ನ ಹಿಂದೆ ಜೋಯಿಡಾದ ಕಾಡು ಶುರುವಾಗುತ್ತಿತ್ತು. ಹತ್ತು ಮಾರು ದೂರದಲ್ಲೇ ಬಿದಿರ ಮೆಳೆ, ಅದರಾಚೆಗೆ ಕತ್ತಲು. ಹಿಡಿಯಲು ಅವನ ಕೈಯಲ್ಲಿ ಹಗ್ಗವಿರಲಿಲ್ಲ, ಸರಪಳಿಯಿರಲಿಲ್ಲ. ಲಾಡ್ಲಿ ಮೆಳೆಯ ಕಡೆ ಸೊಂಡಿಲು ಚಾಚಿ ಗಾಳಿ ಮೂಸಿತು. ಒಳಗೆ ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಈಗ ‘ಬೈಟ್’ ಎಂದರೆ ಕೂರುತ್ತದೆ, ನೌಕರಿ ಉಳಿಯುತ್ತದೆ. ಆ ಮಾತು ನಾಲಗೆಯ ಮೇಲಿತ್ತು, ಮಕ್ಕಳಿಬ್ಬರ ಮುಖವೂ ಕಣ್ಣೆದುರಿಗಿತ್ತು. ಆದರೂ ಅವನು ಬಾಯಿ ಬಿಗಿಹಿಡಿದು ಕೂತ. ಹೋಗುವುದಾದರೆ ಹೋಗಲಿ, ಇವತ್ತು ತಾನು ಕರೆಯುವುದಿಲ್ಲ, ಅಷ್ಟೇ.

ಲಾಡ್ಲಿ ತಿರುಗಿತು. ಕಾಡಿಗಲ್ಲ, ಅವನ ಕಡೆಗೆ. ನಿಧಾನವಾಗಿ ಬಂದು ಅವನೆದುರು ನಿಂತಿತು. ಬಳೆ ಉಜ್ಜಿ ಉಜ್ಜಿ ರೋಮವೆಲ್ಲ ಉದುರಿ ನುಣುಪಾಗಿದ್ದ ಮುಂಗಾಲೆರಡನ್ನೂ ಹತ್ತಿರ ತಂದು, ಒಂದಕ್ಕೊಂದು ತಾಗುವ ಹಾಗೆ ಜೋಡಿಸಿತು. ಬೇಡಿ ತೊಡಿಸಲು ಅವನು ಬಗ್ಗುವುದನ್ನೇ ಕಾಯುತ್ತಿತ್ತು.

“ಬ್ಯಾಡ,” ಎಂದ ಮಾನ್ವೆಲ್. “ಬ್ಯಾಡ ನನ್ನವ್ವಾ, ಇಲ್ಲ ಅದು. ಹೋತು. ಕಾಲು ತಗಿ.”

ಅದು ಕದಲಲಿಲ್ಲ. ಅವನು ಎದ್ದು ಹೋಗಿ ಎರಡು ಕಾಲುಗಳ ನಡುವೆ ಹೆಗಲು ಕೊಟ್ಟು, ಹಲ್ಲು ಕಚ್ಚಿ, ಒಂದನ್ನು ಆಚೆಗೆ ನೂಕಿದ. ಆನೆಗೆ ಅವನೇನು ಬಯಸುತ್ತಿದ್ದಾನೆಂದು ತಿಳಿಯಲಿಲ್ಲ. ವಿಧೇಯವಾಗಿ ಕಾಲೆತ್ತಿತು, ಅವನು ಪಕ್ಕಕ್ಕೆ ಸರಿಯುವವರೆಗೂ ಕಾಲನ್ನು ಗಾಳಿಯಲ್ಲೇ ಹಿಡಿದಿತ್ತು. ಆಮೇಲೆ ಅದನ್ನು ಮೆಲ್ಲಗೆ ಇಳಿಸಿ, ಮೊದಲಿದ್ದ ಜಾಗದಲ್ಲೇ, ಇನ್ನೊಂದಕ್ಕೆ ತಾಗಿಸಿ ಇಟ್ಟಿತು.